ವಾಹನಗಳು ಮಾತನಾಡಿದರೆ

ಫಾಲ್ಗುಣದ ಜಾತ್ರೆಗೆಂದು ಆದಿಚುಂಚನಗಿರಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಬೆಳ್ಳೂರು ಕ್ರಾಸನ್ನು ಹಾದೇ ಬರುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿಯೂ, ನಾಗಮಂಗಲ, ಪಾಂಡವಪುರಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಸಾಗುವ ಹೆದ್ದಾರಿಯೂ ಸಂಧಿಸುವ ತಾಣವದು. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 22 ಮೀಟರು ಓಡುತ್ತದೆ. ಮುಂದೆ ಕೆಟ್ಟು ನಿಂತ ಲಾರಿಯನ್ನು ಚಾಲಕನ ಕಣ್ಣು ಕಂಡು, ಕಾಲು ಬ್ರೇಕನ್ನು ಮುಟ್ಟಲು ಒಂದೂವರೆ ಸೆಕೆಂಡು ಹಿಡಿದರೂ 33 ಮೀಟರು ರಸ್ತೆ ಆಗಲೇ ಸರಿದುಹೋಗಿರುತ್ತದೆ. ಮಾಗಿಯ ಮಂಜಿನಲ್ಲಿ ಅಷ್ಟು ದೂರವೂ ಕಾಣದಿದ್ದರೆ ಗತಿಯೇನು?

ಕಣ್ಣಿಗೆ ಕಾಣದುದನ್ನು ಕಿವಿಗೆ ತಿಳಿಸುವ ಉಪಾಯವೊಂದನ್ನು ವಿಜ್ಞಾನಿಗಳು ರೂಪಿಸಿದ್ದಾರೆ. ಪ್ರತಿಯೊಂದು ವಾಹನದಲ್ಲಿಯೂ ಒಂದು ಪುಟ್ಟ ನಿಸ್ತಂತು ಯಂತ್ರ. ತಾನೆಲ್ಲಿರುವೆ, ಎಷ್ಟು ವೇಗ, ಯಾವ ದಿಕ್ಕು, ಬ್ರೇಕು ಹಾಕಿದೆಯೇ ಎಂಬುದನ್ನು ಅದು ಸೆಕೆಂಡಿಗೆ ಹತ್ತು ಸಲ ಸಾರುತ್ತದೆ. ಸುಮಾರು 300 ಮೀಟರಿನಾಚೆಗಿನ ವಾಹನಕ್ಕೆ ಆ ಸುದ್ದಿ ಸೆಕೆಂಡಿನ ಹತ್ತುಲಕ್ಷದ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಕಾರು ಅಷ್ಟು ದೂರ ಕ್ರಮಿಸಲು 13 ಸೆಕೆಂಡಿಗಿಂತ ಹೆಚ್ಚು ಬೇಕು. ಮಂಜಾಗಲಿ ಇರುಳಾಗಲಿ ಆ ಅಲೆಗಳನ್ನು ತಡೆಯಲಾರವು.

1999ರಲ್ಲಿ ಅಮೆರಿಕ ಈ ಕಾರ್ಯಕ್ಕಾಗಿಯೇ 75 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಯನ್ನು ಮೀಸಲಿಟ್ಟಿತು. ಜಪಾನಿನಲ್ಲಿ ಟೊಯೋಟಾ ಸಂಸ್ಥೆ 2015ರಲ್ಲಿ, ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ 2019ರಲ್ಲಿ ಇಂಥ ಕಾರುಗಳನ್ನು ಹೊರತಂದವು. ಆದರೆ 2020ರಲ್ಲಿ ಅಮೆರಿಕವೇ ಆ ಪಟ್ಟಿಯ 45 ಮೆಗಾಹರ್ಟ್ಸ್ ಭಾಗವನ್ನು ಹಿಂತೆಗೆದು ವೈ-ಫೈ ಸೇವೆಗೆ ಬಿಟ್ಟುಕೊಟ್ಟಿತು. ಎರಡು ದಶಕ ಕಳೆದರೂ ರಸ್ತೆಯಲ್ಲಿ ಮಾತನಾಡುವ ವಾಹನಗಳು ವಿರಳವಾಗಿಯೇ ಉಳಿದಿದ್ದವು.

ತೊಡಕಿರುವುದು ಲೆಕ್ಕದಲ್ಲಿ. ಮಾತಿಗೆ ಇಬ್ಬರು ಬೇಕು. ಹತ್ತರಲ್ಲಿ ಒಂದು ವಾಹನಕ್ಕೆ ಯಂತ್ರವಿದ್ದರೆ, ಎದುರುಬದುರಾಗುವ ನೂರು ಜೋಡಿಗಳಲ್ಲಿ ಮಾತನಾಡಬಲ್ಲುದು ಒಂದೇ ಜೋಡಿ. ಅರ್ಧದಷ್ಟು ವಾಹನಗಳಿಗೆ ಇದ್ದರೂ ನೂರಕ್ಕೆ ಇಪ್ಪತ್ತೈದೇ. ಮೊದಲು ಕೊಂಡವನಿಗೆ ಫಲ ಕಡಿಮೆ; ಆದುದರಿಂದಲೇ ಮೊದಲಿಗನಾಗಲು ಯಾರಿಗೂ ಉತ್ಸಾಹವಿಲ್ಲ.

ಇನ್ನು ಮಂಡ್ಯ ಸೀಮೆಯ ರಸ್ತೆಗಳಲ್ಲಿ ಕಾರು ಲಾರಿಗಳಷ್ಟೇ ಓಡಾಡುವುದಿಲ್ಲ. ಕಬ್ಬು ಹೇರಿದ ಎತ್ತಿನ ಗಾಡಿ, ಹಿಂದೀಪವಿಲ್ಲದ ಟ್ರಾಕ್ಟರು, ಗಿರಿಗೆ ಕಾಲ್ನಡಿಗೆಯಲ್ಲಿ ಬರುವ ಭಕ್ತರು—ಇವರ ಬಳಿ ಯಾವ ಯಂತ್ರವಿದೆ? 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸೊಂದು ಉರುಳಿ 30 ಜೀವಗಳು ನೀರುಪಾಲಾದವು. ನಾಲೆಗೆ ಮಾತು ಬಾರದು. ಅಲ್ಲಿ ಬೇಕಾದುದು ತಡೆಗೋಡೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇಷ್ಟು ದೊಡ್ಡ ನಷ್ಟವನ್ನು ತಗ್ಗಿಸುವ ಯಾವ ಸಾಧನವೂ ಸ್ವಾಗತಾರ್ಹವೇ. ನಿಸ್ತಂತು ಯಂತ್ರ ಬರಲಿ. ಅದು ಬರುವವರೆಗೂ, ಬಂದ ಬಳಿಕವೂ, ಕಬ್ಬಿನ ಗಾಡಿಯ ಬೆನ್ನಿಗೆ ಅಂಟಿಸಿದ ಒಂದು ಗೇಣು ಕೆಂಪು ಪ್ರತಿಫಲಕ ಪಟ್ಟಿ ತನ್ನ ಮಾತನ್ನು ಆಡುತ್ತಲೇ ಇರುತ್ತದೆ. ಅದನ್ನು ಕೇಳಲು ಹಿಂದಿನ ಕಾರಿಗೆ ದೀಪವೊಂದಿದ್ದರೆ ಸಾಕು.