ಕುರುಚಲು ಕಾಡಿಗೆ ಊರಿನವರೇ ಕಾವಲು

ಉತ್ತ ನೆಲವೇ ಆಸ್ತಿ, ಉಳದೆ ಬಿಟ್ಟದ್ದೆಲ್ಲ ಬೀಳು ಎಂದೆಣಿಸುವುದು ರಾಯಚೂರು ಸೀಮೆಯ ಅನೇಕ ಭೂಮಾಲೀಕರ ವಾಡಿಕೆ. ಆದ್ದರಿಂದಲೇ ಹಳ್ಳದ ದಂಡೆಯ ಜಾಲಿ, ಗುಡ್ಡದ ಬುಡದ ಬಾರಿಗಿಡ, ಬದುವಿನ ಬೇವು, ಇವೇ ಮೊದಲು ಕೊಡಲಿಗೆ ಸಿಕ್ಕುವುವು. ಯಾಪಲದಿನ್ನಿಯ ಹೆಸರನ್ನೇ ನೋಡಬಹುದು. ಗಡಿಸೀಮೆಯ ತೆಲುಗು ಆಡುಮಾತಿನಲ್ಲಿ ಬೇವಿಗೆ ಯಾಪ ಎನ್ನುವರು. ದಿನ್ನಿಯೆಂದರೆ ಎತ್ತರದ ನೆಲ. ಇಂಥ ಮರಗಳು ಹೆಸರಿನಲ್ಲಿ ಮಾತ್ರವಲ್ಲದೆ ನೆಲದ ಮೇಲೂ ಉಳಿಯಬೇಕಾದರೆ ಊರಿನ ಹಿರಿಯರು ಮಾಡತಕ್ಕದ್ದೇನೆಂಬುದು ವಿಚಾರಾರ್ಹವಾದ ವಿಷಯವು.

ಕುರುಚಲು ಕಾಡು ನಿರುಪಯೋಗಿಯಲ್ಲ. ಅಲ್ಲಿ ನೆಲೆಸುವ ಕಾಜಾಣ, ಗೊರವಂಕಗಳು ಹೊಲದ ಹುಳುಗಳನ್ನು ತಿನ್ನುವುವು. ಗೂಗೆಯೂ ಕೇರೆಹಾವೂ ಇಲಿಗಳನ್ನು ಹಿಡಿಯುವುವು. ಗಿಡಗಂಟಿಗಳ ಬೇರು ಮಣ್ಣನ್ನು ಹಿಡಿದು ನಿಲ್ಲಿಸುವುದು. ಬೇಸಿಗೆಯಲ್ಲಿ ಕುರಿಮೇಕೆಗಳಿಗೆ ಸೊಪ್ಪು ಒದಗುವುದು.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ನ್ಯಾಯವಾದುದೇ. ಚಿಗರಿಗಳೂ ಕಾಡುಹಂದಿಗಳೂ ಬೆಳೆಗೆ ನುಗ್ಗಿದರೆ ಹಾನಿಯನ್ನು ಅನುಭವಿಸುವವನು ಆ ಹೊಲದ ರೈತನೊಬ್ಬನೇ. ಪುಣ್ಯವು ಊರಿಗೆಲ್ಲ, ನಷ್ಟವು ಒಬ್ಬನಿಗೆ ಎಂಬ ಏರ್ಪಾಡು ಬಹುಕಾಲ ನಡೆಯಲಾರದು.

ಈ ತೊಡಕನ್ನು ಬಿಡಿಸುವ ಬಗೆಗೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಉತ್ತಮವಾದ ನಿದರ್ಶನವು. ಶಿಂಷಾ ನದಿಗೆ ಸಮೀಪದ ಆ ಊರಿನ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು ಗೂಡು ಕಟ್ಟುವುವು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಗ್ರಾಮಸ್ಥರು ಅವುಗಳನ್ನು ಭಾವಿಸುವರು. ಆದರೆ ಹಕ್ಕಿಗಳು ಕುಳಿತ ಹುಣಸೆಮರದ ಫಸಲು ಕೆಡುವುದು. ಭಕ್ತಿಯೊಂದರಿಂದಲೇ ಮರಗಳು ಉಳಿಯಲಾರವೆಂದು ತಿಳಿದು, ಗೂಡುಗಳಿದ್ದ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರಧನವನ್ನು ಕೊಡುವ ಕ್ರಮವನ್ನು ತಂದಿತು. ಮರದಡಿಯಲ್ಲಿ ಬಿದ್ದ ಹಿಕ್ಕೆಯನ್ನು ಗ್ರಾಮಸ್ಥರು ಹೊಲಕ್ಕೆ ಗೊಬ್ಬರವಾಗಿ ಬಳಸಿದರು. 1994ರಲ್ಲಿ ಅಲ್ಲಿಯ ಯುವಕರು ಕೂಡಿ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿ, ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಸಾಕಿ ಮರಳಿ ಬಿಡುತ್ತ ಬಂದರು. 2007ರಲ್ಲಿ ಸರ್ಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೂ ಮರವನ್ನು ಕಾಯ್ದ ಮಾತ್ರಕ್ಕೆ ಕಾರ್ಯವು ಮುಗಿಯದು. 2017–18ರಲ್ಲಿ ಅಲ್ಲಿ ಹಲವು ಹೆಜ್ಜಾರ್ಲೆಗಳು ಜಂತುಹುಳುವಿನ ಬಾಧೆಯಿಂದ ಸತ್ತವು. ಆ ಜಂತುಗಳು ಹಕ್ಕಿಗಳ ಹೊಟ್ಟೆಯನ್ನು ಸೇರುವುದು ಮೀನಿನ ಮೂಲಕ. ಗೂಡಿನ ಮರದಷ್ಟೇ ಸುತ್ತಣ ಕೆರೆಗಳ ನೀರೂ ಶುದ್ಧವಾಗಿರಬೇಕೆಂಬುದಕ್ಕೆ ಇದು ಎಚ್ಚರಿಕೆಯು.

ನಮ್ಮ ಸೀಮೆಯ ಗ್ರಾಮಗಳಿಗೆ ಹೊಸ ಸಂಸ್ಥೆಯೇ ಬೇಕೆಂದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕೆಂದು ವಿಧಿಸಿದೆ. ಕಾಗದದ ಮೇಲಿರುವ ಸಮಿತಿಗೆ ಜೀವ ತುಂಬಬೇಕಾದವರು ಊರಿನ ಹಿರಿಯರೇ. ಹಳ್ಳದ ದಂಡೆಯನ್ನೂ ಉಳಲು ಬಾರದ ಗುಡ್ಡವನ್ನೂ ಮೊದಲು ಗುರುತಿಸಿ, ಅಲ್ಲಿ ಕಡಿಯುವುದನ್ನೂ ಬೆಂಕಿಯಿಡುವುದನ್ನೂ ನಿಲ್ಲಿಸಬೇಕು. ಹೊರದೇಶದಿಂದ ಬಂದು ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಿತ್ತು, ಬೇವು, ಬನ್ನಿ, ಬಾರಿಗಳಿಗೆ ಎಡೆಗೊಡಬೇಕು. ಮೇಯಿಸುವವರನ್ನು ಕೇಳದೆ ನಿರ್ಬಂಧವನ್ನು ವಿಧಿಸಬಾರದು. ಸರದಿಯಂತೆ ಒಂದು ಭಾಗವನ್ನು ಮುಚ್ಚಿ ಮತ್ತೊಂದನ್ನು ತೆರೆದಿಡುವುದು ಮೇಲು. ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವುದುಂಟು. ಬಡ ರೈತನ ಅರ್ಜಿಯನ್ನು ಬರೆದು ಸಕಾಲದಲ್ಲಿ ತಲುಪಿಸುವುದು ಬಳಗದ ಮೊದಲ ಕರ್ತವ್ಯವಾಗಬೇಕು.

ಸಮುದಾಯ ಮೀಸಲಾಗಿಸಲು ಇಚ್ಛಿಸುವವರು ಒಂದು ಮಾತನ್ನು ತಿಳಿದಿರತಕ್ಕದ್ದು. ನೆಲದ ಒಡೆಯರು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ಮಾತ್ರ ಹಾಗೆ ಘೋಷಿಸಬಹುದು. ಘೋಷಣೆಯಾದ ಮೇಲೆ ಆಡಳಿತ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಇಲ್ಲದೆ ನೆಲದ ಬಳಕೆಯನ್ನು ಬದಲಾಯಿಸಲಾಗದು. ಆದ್ದರಿಂದ ಎಲ್ಲರೂ ಕುಳಿತು ಯೋಚಿಸಿಯೇ ಮುಂದುವರಿಯುವುದು ಲೇಸು.

ಹತ್ತು ಜನ ಒಪ್ಪಿ ಕಾಯ್ದ ಹತ್ತು ಎಕರೆ ಗುಡ್ಡವು, ಯಾರೂ ಕಾಯದ ನೂರು ಎಕರೆಗಿಂತ ಮಿಗಿಲು. ಆ ಹತ್ತು ಜನರಲ್ಲಿ ಊರಿನ ಗೌಡರೂ ದೊಡ್ಡ ಹಿಡುವಳಿದಾರರೂ ಮೊದಲಿಗರಾದರೆ, ಉಳಿದವರು ತಾವಾಗಿಯೇ ಹಿಂಬಾಲಿಸುವರು.