ಗೋಡೆಯ ತೇವ ಯಾರ ಖಾತೆಗೆ?

ಮೃಗಶಿರಾ ಮಳೆ ಹಿಡಿಯಿತೆಂದರೆ ಬೆಳಗಾವಿ ನಗರದ ಬಾಡಿಗೆ ಮನೆಗಳಲ್ಲಿ ವರ್ಷ ವರ್ಷವೂ ಒಂದೇ ತಕರಾರು ತಲೆಯೆತ್ತುತ್ತದೆ. ಕಪಾಟಿನ ಹಿಂದೆ, ಸ್ನಾನದ ಮನೆಗೆ ಹೊಂದಿದ ಗೋಡೆಯ ಮೂಲೆಯಲ್ಲಿ, ಸ್ಲ್ಯಾಬಿನ ಅಂಚಿನಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಗೋಡೆ ಸೋರುತ್ತಿದೆ ಎಂದು ಬಾಡಿಗೆದಾರರು ದೂರುತ್ತಾರೆ. ಒಳಗೆ ಬಟ್ಟೆ ಒಣಹಾಕುತ್ತೀರಿ, ಕಿಟಕಿ ತೆರೆಯುವುದಿಲ್ಲ ಎಂದು ಮಾಲೀಕರು ಉತ್ತರಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಗೋಡೆ ತಾನಾಗಿ ಒಣಗುತ್ತದೆ; ವಾದವೂ ಅರ್ಧಕ್ಕೆ ನಿಲ್ಲುತ್ತದೆ. ಏಪ್ರಿಲ್ ತಿಂಗಳಲ್ಲಿ ಮನೆ ಖಾಲಿಯಾದರೆ ಅದರ ಮೇಲೊಂದು ಕೈ ಬಣ್ಣ ಬಳಿದು, ಆ ಖರ್ಚನ್ನು ಹಳಬರ ಠೇವಣಿಯಲ್ಲಿ ಮುರಿದುಕೊಂಡು, ಹೊಸಬರಿಗೆ ಕೀಲಿ ಒಪ್ಪಿಸಲಾಗುತ್ತದೆ.

ವ್ಯಾಪಾರಿಗಳು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಈ ವಿಷಯವನ್ನು ಬೇರೆಯವರ ಮನೆಯ ಮಾತೆಂದು ಕಡೆಗಣಿಸುವಂತಿಲ್ಲ. ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಉಳಿದ ಹಣವನ್ನು ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಒಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು ಈ ವರ್ಗದ ಹಳೆಯ ರೂಢಿ. ಮಾಲೀಕನೆಂಬ ಹೆಸರಿನ ಹಿಂದೆ ಅನೇಕ ಸಲ ಇರುವವನು ವ್ಯಾಪಾರಿಯೇ. ಆದ್ದರಿಂದ ಈ ತೇವವನ್ನು ಯಾರ ಖಾತೆಗೆ ಬರೆಯಬೇಕೆಂಬುದನ್ನು ಲೆಕ್ಕದ ರೀತಿಯಲ್ಲಿಯೇ ಇತ್ಯರ್ಥ ಮಾಡಿಕೊಳ್ಳುವುದು ಉಚಿತ.

ಮೊದಲು ತೇವ ಬರುವ ದಾರಿಯನ್ನು ತಿಳಿಯಬೇಕು. ದಾರಿಗಳು ಮೂರು. ಬಿರುಕು ಬಿಟ್ಟ ಗಿಲಾವಿನಿಂದ, ಸ್ಲ್ಯಾಬಿನಿಂದ ಅಥವಾ ಒಡೆದ ಕೊಳವೆಯಿಂದ ಒಸರುವ ನೀರು ಒಂದು. ತೇವ ತಡೆಯುವ ಪದರವಿಲ್ಲದ ಅಡಿಪಾಯದ ಮೂಲಕ ನೆಲದಿಂದ ಮೇಲೇರಿ, ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಪುಡಿ ಉದುರಿಸುವ ನೀರು ಎರಡನೆಯದು. ಮನೆಯ ಒಳಗಿನ ಗಾಳಿಯಲ್ಲಿದ್ದ ಆವಿಯೇ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುವುದು ಮೂರನೆಯದು. ಈ ಮೂರನೆಯದನ್ನು ಕಡಿಮೆಯೆಂದು ತಿಳಿಯಬಾರದು. ಒಂದು ಘನ ಮೀಟರ್ ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 23 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಆವಿ ತುಂಬಿದ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಐದು ಡಿಗ್ರಿ ತಣಿದರೆ ಒಂದು ಲೋಟದಷ್ಟು ನೀರು ಹೊರಬೀಳುತ್ತದೆ. ಅಡುಗೆಯ ಹಬೆ, ಸ್ನಾನದ ಬಿಸಿನೀರು, ಒಣಹಾಕಿದ ಒದ್ದೆ ಬಟ್ಟೆ, ಮಲಗಿದವರ ಉಸಿರು ದಿನವೂ ಈ ಆವಿಗೆ ಇನ್ನಷ್ಟು ಸೇರಿಸುತ್ತಲೇ ಇರುತ್ತವೆ.

ಇವುಗಳಲ್ಲಿ ಯಾವುದೆಂದು ಪತ್ತೆ ಹಚ್ಚಲು ತಜ್ಞರೇ ಬೇಕೆಂದಿಲ್ಲ. ಕಲೆಯಾದ ಜಾಗದ ಮೇಲಿನ ನೀರನ್ನು ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆಗೆ ಹನಿ ಕಟ್ಟಿದರೆ ಅದು ಒಳಗಿನ ಆವಿ. ಗೋಡೆಯ ಕಡೆಗಿನ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಮಾಲೀಕ ಮತ್ತು ಬಾಡಿಗೆದಾರ ಇಬ್ಬರೂ ಎದುರಿಗೆ ನಿಂತು ನೋಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಕಟ್ಟಡದ ರೀತಿಯೇ ಕಾರಣ. ನಗರದಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ಇದಕ್ಕೆ ಒಳ್ಳೆಯ ಪಾಠ ಹೇಳುತ್ತದೆ. ಆ ತಾಲ್ಲೂಕಿನಲ್ಲಿ ಜಾಂಬೋಟಿ, ಕಣಕುಂಬಿಯ ಕಡೆಗೆ ಸಾಗಿದಂತೆ ಮಳೆ ಬೆಳಗಾವಿ ನಗರದ ಇಮ್ಮಡಿ, ಮುಮ್ಮಡಿಯಾಗುತ್ತದೆ. ಅಷ್ಟು ಮಳೆಯ ನಾಡಿನವರು ಹಿಂದೆ ಜಂಬಿಟ್ಟಿಗೆ ಗೋಡೆ, ಇಳಿಜಾರಾದ ಹಂಚಿನ ಮಾಡು, ಗೋಡೆಯಿಂದ ಬಹಳ ಮುಂದೆ ಚಾಚಿದ ಸೂರು ಇವುಗಳಿಂದ ಮನೆ ಕಟ್ಟಿದರು. ಮಳೆಯ ಏಟು ಗೋಡೆಗೆ ತಾಗುತ್ತಿರಲಿಲ್ಲ. ಒಲೆಯ ಹಬೆ ಹಂಚಿನ ಸಂದಿನಿಂದ ಹೊರಟುಹೋಗುತ್ತಿತ್ತು. ಸುಣ್ಣದ ಗಿಲಾವು ತೇವ ಹೀರಿ ಮತ್ತೆ ಬಿಡುತ್ತಿತ್ತು. ಇಂದು ಖಾನಾಪುರ ಪಟ್ಟಣದಲ್ಲಿಯೂ ಬೆಳಗಾವಿಯ ಹೊಸ ಬಡಾವಣೆಗಳಲ್ಲಿಯೂ ಸಮತಟ್ಟಾದ ಸ್ಲ್ಯಾಬು, ಗೇಣಗಲದ ಛಜ್ಜಾ, ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ, ಬಿಗಿಯಾಗಿ ಮುಚ್ಚುವ ಅಲ್ಯೂಮಿನಿಯಂ ಕಿಟಕಿ ಬಂದಿವೆ. ಛಾವಣಿಯ ಕೆಳಗಿದ್ದ ಗವಾಕ್ಷಿ ಮಾತ್ರ ನಕಾಶೆಯಿಂದಲೇ ಮಾಯವಾಗಿದೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಬಟ್ಟೆ ಒಣಗಿಸಲು ಮಾಡಿನ ಜಾಗ ಕೊಡದೆ, ಒಳಗೆ ಬಟ್ಟೆ ಹಾಕಿದಿರಿ ಎಂದು ದೂರುವುದು ನ್ಯಾಯವಲ್ಲ. ಗೋಡೆಯಿಂದ ಬಂದ ನೀರು ಮಾಲೀಕನ ಹೊಣೆ. ಒಳಗಿನ ಆವಿಯನ್ನು ಹೊರಗೆ ಕಳಿಸುವುದು ಬಾಡಿಗೆದಾರನ ಹೊಣೆ. ಆದರೆ ಹೊರಗೆ ಹೋಗುವ ದಾರಿಯನ್ನು ಮಾಲೀಕನು ಮೊದಲು ಒದಗಿಸಿರಬೇಕು.

ಕಾನೂನಿನ ದಿಕ್ಕೂ ಇದೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಮೂರು ಮಾತುಗಳನ್ನು ಹೇಳುತ್ತದೆ. ಮಾಲೀಕನಿಗೆ ಗೊತ್ತಿದ್ದು, ಬಾಡಿಗೆದಾರನಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಾಣಿಸದಿರುವ ಮುಖ್ಯ ದೋಷವನ್ನು ಮಾಲೀಕನು ಮೊದಲೇ ತಿಳಿಸಬೇಕು. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ನೋಟೀಸಿನ ನಂತರವೂ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿ ಮರಳಿಸಬೇಕು. ಆದರೆ ಸಹಜ ಸವೆತಕ್ಕೆ ಅವನು ಹೊಣೆಯಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಜಾರಿಗೆ ಬರುವಂಥದ್ದು. ಅದರ ಅನುಸೂಚಿಯೂ ಕಟ್ಟಡದ ರಚನೆಯ ದುರಸ್ತಿ, ಗೋಡೆಗಳ ಸುಣ್ಣಬಣ್ಣ, ಕೊಳವೆಗಳ ಬದಲಾವಣೆ ಇವನ್ನು ಮಾಲೀಕನ ಪಾಲಿಗೇ ಇಟ್ಟಿದೆ. ಇದನ್ನೆಲ್ಲ ನೋಡಿದರೆ, ಏಪ್ರಿಲ್‌ನಲ್ಲಿ ಬಣ್ಣದ ಕೆಳಗೆ ಬೂಷ್ಟನ್ನು ಮುಚ್ಚಿಡುವುದು ದುರಸ್ತಿಯಲ್ಲ, ದೋಷವನ್ನು ಅಡಗಿಸುವುದು.

ಇನ್ನು ಹಣದ ಮಾತು. ದುರಸ್ತಿಗೆ ಬಾಡಿಗೆ ಸಾಲದು ಎಂಬ ಮಾಲೀಕರ ದೂರು ಸಾಮಾನ್ಯ. ತೆರಿಗೆಯ ಲೆಕ್ಕ ಬೇರೆಯೇ ಹೇಳುತ್ತದೆ. ಮನೆ ಬಾಡಿಗೆಯ ಆದಾಯದಲ್ಲಿ ನಗರಪಾಲಿಕೆಯ ತೆರಿಗೆ ಕಳೆದು ಉಳಿದ ಮೊತ್ತದ ಶೇಕಡಾ 30ರಷ್ಟನ್ನು, ಖರ್ಚಿನ ರಸೀದಿ ಕೇಳದೆ, ಆದಾಯದಿಂದ ಬಿಟ್ಟುಕೊಡಲಾಗುತ್ತದೆ. 1961ರ ಕಾಯ್ದೆಯ 24ನೇ ಕಲಮಿನ ಈ ಸೌಲಭ್ಯ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿಯೂ ಮುಂದುವರಿದಿದೆ. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ನಿಜವಾದ ದುರಸ್ತಿ ಖರ್ಚನ್ನು ಹಾಕುವ ದಾರಿಯನ್ನು 2024ರ ಹಣಕಾಸು ಕಾಯ್ದೆ ಮುಚ್ಚಿತು. ಉದಾಹರಣೆಗೆ, ತಿಂಗಳಿಗೆ 12,000 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ 1,44,000. ಪಾಲಿಕೆಯ ತೆರಿಗೆ 4,000 ಕಳೆದರೆ 1,40,000. ಅದರಲ್ಲಿ ಶೇಕಡಾ 30 ಅಂದರೆ 42,000 ರೂಪಾಯಿ. ಹತ್ತು ವರ್ಷಕ್ಕೆ 4,20,000. ಇಷ್ಟು ಹಣಕ್ಕೆ ತೆರಿಗೆ ಬೀಳದಿರುವುದು ಮನೆ ಸವೆಯುತ್ತದೆ, ಅದನ್ನು ಸರಿಪಡಿಸಬೇಕಾಗುತ್ತದೆ ಎಂಬ ಗ್ರಹಿಕೆಯಿಂದ. ಆ ರಿಯಾಯಿತಿಯನ್ನು ಪ್ರತಿವರ್ಷ ಪಡೆದು, ಗೋಡೆಗೆ ಒಂದು ರೂಪಾಯಿಯನ್ನೂ ಹಾಕದೆ, ಮೇಲೆ ಬಾಡಿಗೆದಾರನ ಠೇವಣಿಗೂ ಕೈ ಹಾಕುವುದು ಒಂದೇ ಖರ್ಚನ್ನು ಎರಡು ಸಲ ವಸೂಲು ಮಾಡಿದಂತೆ. ಈ ಮೊತ್ತದ ಕಾಲು ಭಾಗವನ್ನಾದರೂ ದುರಸ್ತಿ ನಿಧಿಯೆಂದು ಬೇರೆ ಖಾತೆಯಲ್ಲಿ ಇಡುವುದು ಲೇಸು.

ಕೆಲಸದ ಕ್ರಮವೂ ಮುಖ್ಯ. ಫೆಬ್ರುವರಿಯಿಂದ ಮೇ ವರೆಗಿನ ಒಣ ದಿನಗಳಲ್ಲಿ ಮೊದಲು ನೀರನ್ನು ನಿಲ್ಲಿಸಬೇಕು: ಸ್ಲ್ಯಾಬಿನ ಇಳಿಜಾರು, ನೀರು ಹೋಗುವ ಕೊಳವೆ, ಛಜ್ಜಾ, ಪಶ್ಚಿಮದ ಗೋಡೆಯ ಬಿರುಕು. ಬಳಿಕ ಗೋಡೆ ಪೂರ್ತಿ ಒಣಗಲು ಬಿಡಬೇಕು. ಬಣ್ಣ ಕೊನೆಗೆ. ಅಡುಗೆ ಮನೆಗೂ ಸ್ನಾನದ ಮನೆಗೂ ಗಾಳಿ ಹೊರದೂಡುವ ಒಂದೊಂದು ಫ್ಯಾನು ಸಾಕು. 40 ವ್ಯಾಟಿನ ಫ್ಯಾನು ದಿನಕ್ಕೆ ನಾಲ್ಕು ಗಂಟೆ ತಿರುಗಿದರೆ ತಿಂಗಳಿಗೆ ಐದು ಯೂನಿಟ್ ವಿದ್ಯುತ್ತೂ ಆಗದು. ಮಾಳಿಗೆಯ ಮೇಲೆ ತಗಡಿನ ಮಾಡು ಹಾಕಿ ತಂತಿ ಕಟ್ಟಿಕೊಟ್ಟರೆ ಬಟ್ಟೆಯ ಪ್ರಶ್ನೆಯೂ ತೀರುತ್ತದೆ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಎರಡು ಸಾಲು ಸೇರಿಸಬೇಕು: ಒಸರುವ ಗೋಡೆಯ ದುರಸ್ತಿ ಮಾಲೀಕನದು; ಫ್ಯಾನು ಹಾಕುವುದು, ಕಿಟಕಿ ತೆರೆಯುವುದು, ಕಲೆ ಕಂಡ ವಾರದೊಳಗೆ ತಿಳಿಸುವುದು ಬಾಡಿಗೆದಾರನದು. ಕೀಲಿ ಕೊಡುವ ದಿನ ಗೋಡೆಗಳ ಛಾಯಾಚಿತ್ರ ತೆಗೆದು ಇಬ್ಬರೂ ಇಟ್ಟುಕೊಂಡರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ.

ತೇವದ ಮನೆಯಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚುವುದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ. ದಿನವಿಡೀ ಆ ಕೋಣೆಯಲ್ಲಿ ಉಳಿಯುವವರು ಮಕ್ಕಳು ಮತ್ತು ವೃದ್ಧರು. ತೇವದ ಹಾನಿಯನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ. ಕಿರಾಣಿ ವ್ಯಾಪಾರಿ ಅಕ್ಕಿಯ ಚೀಲಗಳ ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಗೇಣು ಜಾಗ ಬಿಟ್ಟೇ ಥಪ್ಪಿ ಹಚ್ಚುತ್ತಾನೆ. ಉದ್ಯಮಬಾಗದ ಫೌಂಡ್ರಿಯವರಿಗೆ ಮರಳಿನಲ್ಲಿ ತೇವ ಮಿತಿ ಮೀರಿದರೆ ಎರಕದಲ್ಲಿ ಗಾಳಿಗುಳ್ಳೆ ಬೀಳುವುದೆಂಬುದು ಬಾಯಿಪಾಠ. ಸರಕಿಗೆ ತೋರುವ ಆ ಎಚ್ಚರವನ್ನು, ಪ್ರತಿ ತಿಂಗಳು ತಪ್ಪದೆ ಬಾಡಿಗೆ ಕೊಡುವ ಸಂಸಾರಕ್ಕೂ ತೋರಿಸುವುದು ಹೆಚ್ಚಿನ ಉಪಕಾರವೇನೂ ಅಲ್ಲ. ತೆಗೆದುಕೊಂಡ ಹಣಕ್ಕೆ ಕೊಡಬೇಕಾದ ಮಾಲು ಅದು.