ಪಿತೃಭಕ್ತಿಯೂ ಹಾಸ್ಯರಸವೂ

ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ 1962ರಿಂದ 1974ರ ವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಪ್ರದರ್ಶಿತವಾದ ‘ಸ್ಟೆಪ್ಟೋ ಅಂಡ್ ಸನ್’ ಎಂಬ ಹಾಸ್ಯರೂಪಕಮಾಲೆಯು ಪಿತೃನಿಂದೆಯನ್ನು ಕಲಿಸುವುದೆಂದೂ, ಮಗನು ತಂದೆಯನ್ನು ‘ಕೊಳಕು ಮುದುಕ’ನೆಂದು ಮುಖದ ಮೇಲೆಯೇ ಜರೆಯುವುದನ್ನು ಕಂಡು ನಗುವುದು ಸಭ್ಯರಿಗೆ ತಕ್ಕುದಲ್ಲವೆಂದೂ ಆಕ್ಷೇಪಿಸುವವರುಂಟು. ಹಾಸ್ಯವು ನೀಚಪ್ರಕೃತಿಗಳಲ್ಲಿಯೇ ಹೆಚ್ಚಾಗಿ ಕಾಣುವುದೆಂಬ ಭರತಮುನಿಯ ಮತವನ್ನೂ ಇವರು ನೆರವಿಗೆ ಕರೆಯಬಹುದು. ಈ ಪೂರ್ವಪಕ್ಷವು ಕೇಳುವುದಕ್ಕೆ ಇಂಪಾಗಿದೆ, ವಿಚಾರಕ್ಕೆ ನಿಲ್ಲುವುದಿಲ್ಲ.

ಮೊದಲು ವಸ್ತುವನ್ನು ನೋಡತಕ್ಕದ್ದು. ಲಂಡನ್ನಿನ ಷೆಪರ್ಡ್ಸ್ ಬುಷ್ ಭಾಗದಲ್ಲಿ ಕುದುರೆಬಂಡಿ ಹೂಡಿ, ಬೀದಿಬೀದಿಯ ಹಳೆಯ ಬಟ್ಟೆ, ಮುರುಕು ಸಾಮಾನುಗಳನ್ನು ಕೂಡಿಹಾಕಿ ಜೀವಿಸುವ ಆಲ್ಬರ್ಟ್, ಹೆರಾಲ್ಡ್ ಎಂಬ ತಂದೆಮಕ್ಕಳ ಕಥೆಯಿದು. ಬರೆದವರು ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್. ತಂದೆ ವಿಧುರ, ಮಗನಿಗೆ ನಡುವಯಸ್ಸು ಸಮೀಪಿಸಿದರೂ ವಿವಾಹವಿಲ್ಲ. ಮಗನು ವಿದ್ಯೆ, ಸಂಗೀತ, ಸಜ್ಜನರ ಸಹವಾಸ ಎಂದು ಹಂಬಲಿಸಿದಾಗಲೆಲ್ಲ ತಂದೆಯು ಒಂದಲ್ಲ ಒಂದು ಉಪಾಯದಿಂದ ಅದನ್ನು ಕೆಡಿಸುವನು.

1962ರ ಜನವರಿಯಲ್ಲಿ ಪ್ರದರ್ಶಿತವಾದ ಮೊದಲ ಪ್ರಕರಣದಲ್ಲಿಯೇ ಮಗನು ಮನೆ ಬಿಡಲು ನಿಶ್ಚಯಿಸಿ ತನ್ನ ಸಾಮಾನನ್ನೆಲ್ಲ ಬಂಡಿಗೆ ಹೇರುವನು. ಕುದುರೆಯಿಲ್ಲ, ತಾನೇ ನೊಗಕ್ಕೆ ಮೈಯೊಡ್ಡಿ ಎಳೆಯುವನು. ಬಂಡಿಯು ಅಂಗುಲವೂ ಕದಲುವುದಿಲ್ಲ. ಅವನು ಅಳುವನು; ಒಳಗೆ ಹೋಗುವನು. ಇದನ್ನು ಕೇವಲ ಹಾಸ್ಯವೆನ್ನುವವರಾರು? ಯಾವ ರಸದ ಆಭಾಸದಿಂದಲೂ ಹಾಸ್ಯವು ಹುಟ್ಟಬಹುದೆಂದು ಅಭಿನವಗುಪ್ತನು ಹೇಳಿರುವನು. ಇಲ್ಲಿಯ ನಗೆಯ ಬೇರು ಕರುಣದಲ್ಲಿದೆ.

ಇನ್ನು ಪಿತೃಭಕ್ತಿಯ ಮಾತು. ಭಕ್ತಿಯನ್ನು ಅಳೆಯತಕ್ಕದ್ದು ನಾಲಗೆಯಿಂದಲೋ ನಡತೆಯಿಂದಲೋ? ಶ್ರವಣಕುಮಾರನ ಕಥೆಗೆ ಕಣ್ಣೊದ್ದೆ ಮಾಡಿಕೊಂಡು, ಹೆತ್ತವರ ಕಾಗದಕ್ಕೆ ಉತ್ತರವನ್ನು ಬರೆಯದ ಮಗನಿಗಿಂತ, ಬೈದುಕೊಂಡಾದರೂ ದುಡಿದು ತಂದೆಯೊಡನೆ ಒಂದೇ ಸೂರಿನಡಿ ಉಳಿಯುವ ಮಗನು ಸಾವಿರ ಪಾಲು ಮೇಲು. ಯಯಾತಿಯು ಕೇಳಿದನು, ಪೂರುವು ತಾರುಣ್ಯವನ್ನು ಕೊಟ್ಟನು. ಹೆರಾಲ್ಡನೂ ಕೊಡುವನು, ಗೊಣಗುತ್ತ, ದಿನದಿನವೂ, ತುಣುಕುತುಣುಕಾಗಿ. ಆದರೆ ಯಯಾತಿಯು ಕಡೆಗೆ ವಿರಕ್ತನಾಗಿ ಮಗನ ಯೌವನವನ್ನು ಹಿಂದಿರುಗಿಸಿ ರಾಜ್ಯವನ್ನೂ ಒಪ್ಪಿಸಿದನು. ಆಲ್ಬರ್ಟನು ಏನನ್ನೂ ಹಿಂದಿರುಗಿಸುವುದಿಲ್ಲ. ಆಕ್ಷೇಪಕರು ಕಾಣದೆ ಹೋದದ್ದು ಇದನ್ನೇ. ಪುತ್ರಧರ್ಮವನ್ನು ಗಟ್ಟಿಯಾಗಿ ಬೋಧಿಸುವವರು ಪಿತೃಧರ್ಮವೆಂಬುದೊಂದಿರುವುದನ್ನು ಮರೆಯಬಾರದು. ಒಂಟಿತನದ ಭಯದಿಂದ ಮಗನ ಕಾಲಿಗೆ ತೊಡರುಗಟ್ಟುವ ವಾತ್ಸಲ್ಯವು ವಾತ್ಸಲ್ಯವೇ ಆದರೂ ಅಪರಾಧವೂ ಹೌದು.

1972ರ ಒಂದು ಪ್ರಕರಣದಲ್ಲಿ ಇವರಿಬ್ಬರೂ ಮನೆಯ ನಡುವೆ ಅಡ್ಡಗೋಡೆಯನ್ನೆಬ್ಬಿಸಿ, ದಾಟುವುದಕ್ಕೆ ತಿರುಗುಗಂಬವನ್ನು ನಿಲ್ಲಿಸಿ ಪಾಲಾಗುವರು. ಮನೆ ಪಾಲಾಯಿತು, ಋಣ ಪಾಲಾಗಲಿಲ್ಲ. ದಾಯವಿಭಾಗವನ್ನು ಕಂಡ ಯಾವ ಕುಟುಂಬಕ್ಕೆ ಇದು ಹೊಸದು?

1964ರ ಅಕ್ಟೋಬರ್ 15ರ ಸಾರ್ವತ್ರಿಕ ಚುನಾವಣೆಯ ಸಂಜೆ ಈ ರೂಪಕವಿದ್ದರೆ ತಮ್ಮವರು ಮತ ಹಾಕಲು ಮನೆಯಿಂದ ಹೊರಡಲಾರರೆಂದು ಹೆದರಿ, ಲೇಬರ್ ಪಕ್ಷದ ನಾಯಕರಾದ ಹೆರಾಲ್ಡ್ ವಿಲ್ಸನ್ನರು ಅದನ್ನು ಮುಂದೂಡುವಂತೆ ಬಿ.ಬಿ.ಸಿ.ಯನ್ನು ಕೇಳಿಕೊಂಡರು. ಒಂದು ದೇಶದ ಶ್ರಮಜೀವಿಗಳು ಹೀಗೆ ಕಾದು ಕುಳಿತುದು ಪಿತೃನಿಂದೆಯನ್ನು ಕೇಳುವುದಕ್ಕೆಂದು ಯಾರಾದರೂ ನಂಬುವರೆ? ಅವರು ಆ ಕೊಳಕು ಮನೆಯಲ್ಲಿ ತಮ್ಮ ತಂದೆಯನ್ನು ಕಂಡರು, ತಮ್ಮನ್ನೂ ಕಂಡುಕೊಂಡರು. ಕನ್ನಡಿಯಲ್ಲಿ ಮುಖವು ಸೊಟ್ಟಗಿದ್ದರೆ ಕನ್ನಡಿಯನ್ನು ಅಸಭ್ಯವೆಂದು ಬೈಯುವುದು ವಿವೇಕವಲ್ಲ.